ಹಳೆಯ ಫೋನಿಗೆ ಹಗುರ ಬ್ರೌಸರ್: ಆಯ್ಕೆ ಹೇಗೆ?



ಬೆಳಗಿನ ಹಾಲನ್ನು ಸಂಘಕ್ಕೆ ಹಾಕಿ ಬಂದು, ಕೊಟ್ಟಿಗೆ ತೊಳೆದು, ದನಗಳಿಗೆ ಮೇವು ನೀರು ಮುಗಿಸಿದ ಮೇಲೆ ಅರ್ಧ ಗಂಟೆ ಪುರುಸೊತ್ತು ಸಿಗುತ್ತದೆ. ಪಿಎಂ ಕಿಸಾನ್ ಕಂತು ಜಮಾ ಆಗಿದೆಯೇ ನೋಡೋಣ ಎಂದು ಫೋನ್ ಹಿಡಿಯುತ್ತೀರಿ. ಕ್ರೋಮ್ ತೆರೆದು, ನೋಂದಣಿ ಸಂಖ್ಯೆ ಹಾಕಿ, ವಕ್ರ ವಕ್ರವಾಗಿ ಕಾಣುವ ಅಕ್ಷರಗಳನ್ನು ಕಷ್ಟಪಟ್ಟು ಟೈಪ್ ಮಾಡುತ್ತೀರಿ. ಒಟಿಪಿ ಕೇಳುತ್ತದೆ. ಟಿಣ್ ಎಂದು ಮೆಸೇಜ್ ಬರುತ್ತದೆ. ಮೆಸೇಜ್ ತೆರೆದು ಅಂಕಿ ನೋಡಿಕೊಂಡು ವಾಪಸ್ ಬಂದರೆ ಪುಟವೆಲ್ಲ ಬೆಳ್ಳಗೆ! ತುಂಬಿದ್ದೆಲ್ಲ ಮಾಯ. ಮತ್ತೆ ಮೊದಲಿನಿಂದ ಶುರು.

ಎರಡು ಸಲ ಹೀಗಾದ ಮೇಲೆ "ಇದು ನನ್ನ ಕೈಲಾಗೋ ಕೆಲಸ ಅಲ್ಲ" ಎಂದು ಫೋನನ್ನು ಪಕ್ಕದ ಮನೆಯ ಹುಡುಗನ ಕೈಗೆ ಕೊಡುತ್ತೀರಿ. ಬಂದ ಒಟಿಪಿಯನ್ನೂ ಅವನಿಗೇ ಹೇಳುತ್ತೀರಿ.

ತರಬೇತಿಗೆಂದು ಸಂಘಗಳಿಗೆ ಹೋದಾಗ ಈ ಮಾತನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ನನ್ನ ಅಮ್ಮನ ಬಾಯಲ್ಲೂ ಕೇಳಿದ್ದೇನೆ. ನಾನು ಹೊಸ ಫೋನ್ ಕೊಂಡಾಗ ಹಳೆಯದನ್ನು ಆಕೆಗೆ ಕೊಟ್ಟಿದ್ದೆ. ಆಕೆ "ಪುಟ ಹೋಯ್ತು" ಎಂದಾಗಲೆಲ್ಲ "ಏನೋ ಒತ್ತಿರ್ತೀಯ, ಸರಿಯಾಗಿ ನೋಡು" ಎಂದು ಗದರಿಸುತ್ತಿದ್ದೆ. ಒಂದು ಭಾನುವಾರ ಅದೇ ಫೋನಿನಲ್ಲಿ ಆಕೆಯ ಅರ್ಜಿ ತುಂಬಲು ನಾನೇ ಕೂತೆ. ನನಗೂ ಮೂರು ಸಲ ಪುಟ ಖಾಲಿಯಾಯಿತು. ಅಮ್ಮ ಏನೂ ಹೇಳಲಿಲ್ಲ, ಸುಮ್ಮನೆ ನನ್ನ ಮುಖ ನೋಡಿದಳು.

ತಪ್ಪು ಆಕೆಯದಾಗಿರಲಿಲ್ಲ. ಫೋನಿನ ಮೆಮೊರಿ ಸಾಲುತ್ತಿರಲಿಲ್ಲ. ನಮ್ಮಲ್ಲಿ ಅನೇಕರ ಕೈಯಲ್ಲಿರುವುದು ಮಗನೋ ಮಗಳೋ ಬಳಸಿಬಿಟ್ಟ ಇಂಥ ಫೋನೇ. ಹೊಸದು ಕೊಳ್ಳದೆ ಇದರಲ್ಲೇ ಕೆಲಸ ಮಾಡಿಕೊಳ್ಳುವುದು ಹೇಗೆ, ಅದಕ್ಕೆ ಯಾವ ಬ್ರೌಸರ್ ಹೊಂದುತ್ತದೆ ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಬ್ರೌಸರ್ ಎಂದರೇನು?

ಇಂಟರ್ನೆಟ್‌ನಲ್ಲಿರುವ ಪುಟಗಳನ್ನು ತೆರೆದು ತೋರಿಸುವ ಆ್ಯಪ್‌ಗೆ ಬ್ರೌಸರ್ ಎನ್ನುತ್ತಾರೆ. ಹೆಚ್ಚಿನ ಆಂಡ್ರಾಯ್ಡ್ ಫೋನುಗಳಲ್ಲಿ ಗೂಗಲ್ ಕಂಪನಿಯ ಕ್ರೋಮ್ ಮೊದಲೇ ಇರುತ್ತದೆ. ಪಹಣಿ ನೋಡುವುದು, ಫ್ರೂಟ್ಸ್ ಐಡಿ ಹುಡುಕುವುದು, ಅರ್ಜಿ ಹಾಕುವುದು, ಕೆಚ್ಚಲು ಬಾವಿನ ಬಗ್ಗೆ ಓದುವುದು ಎಲ್ಲವೂ ಅದರಲ್ಲೇ. ಆದರೆ ಕ್ರೋಮ್ ಒಂದೇ ಬ್ರೌಸರ್ ಅಲ್ಲ. ಬೇರೆ ಕಂಪನಿಗಳ ಬ್ರೌಸರ್‌ಗಳೂ ಪ್ಲೇ ಸ್ಟೋರಿನಲ್ಲಿ ಉಚಿತವಾಗಿ ಸಿಗುತ್ತವೆ.

ಗೋದಲಿ ಬೇರೆ, ಬಣವೆ ಬೇರೆ

ಫೋನಿನಲ್ಲಿ ಎರಡು ಬಗೆಯ ಮೆಮೊರಿ ಇರುತ್ತದೆ. ಇವೆರಡನ್ನೂ ಒಂದೇ ಎಂದುಕೊಳ್ಳುವುದರಿಂದಲೇ ಅರ್ಧ ಗೊಂದಲ.

ಮೊದಲನೆಯದು ರ‍್ಯಾಮ್. ಇದು ಕೊಟ್ಟಿಗೆಯ ಗೋದಲಿ ಇದ್ದಂತೆ. ಎರಡು ಹಸು ಮೇಯುವಷ್ಟು ಗೋದಲಿಗೆ ಮೂರನೆಯದು ಬಂದರೆ ಒಂದು ಹಿಂದೆ ಸರಿಯಲೇಬೇಕು. 2 ಜಿಬಿ ರ‍್ಯಾಮ್ ಇರುವ ಫೋನಿನಲ್ಲಿ ದೊಡ್ಡ ಪಾಲನ್ನು ಫೋನಿನ ವ್ಯವಸ್ಥೆಯೇ ಬಳಸಿಕೊಳ್ಳುತ್ತದೆ. ಉಳಿದ ಜಾಗದಲ್ಲಿ ಕ್ರೋಮ್, ವಾಟ್ಸ್ಆ್ಯಪ್, ಮೆಸೇಜ್ ಎಲ್ಲವೂ ನಿಲ್ಲಬೇಕು. ನೀವು ಮೆಸೇಜ್ ತೆರೆದ ಕ್ಷಣ ಅದಕ್ಕೆ ಜಾಗ ಮಾಡಿಕೊಡಲು ಆಂಡ್ರಾಯ್ಡ್ ಹಿಂದೆ ಉಳಿದ ಕ್ರೋಮನ್ನು ಮುಚ್ಚಿಬಿಡುತ್ತದೆ. ವಾಪಸ್ ಬಂದಾಗ ಕ್ರೋಮ್ ಪುಟವನ್ನು ಹೊಸದಾಗಿ ತರುತ್ತದೆ. ತುಂಬಿದ ಅರ್ಜಿ ಖಾಲಿಯಾಗುವುದು ಹೀಗೆ.

ಎರಡನೆಯದು ಸ್ಟೋರೇಜ್. ಇದು ಹುಲ್ಲಿನ ಬಣವೆ ಇದ್ದಂತೆ. ಫೋಟೊ, ವಿಡಿಯೊ, ಆ್ಯಪ್‌ಗಳು ಕೂಡಿಟ್ಟುಕೊಂಡಿರುವ ಜಾಗ. ಇದು ತುಂಬಿದಾಗ "ಸ್ಟೋರೇಜ್ ಫುಲ್" ಎಂದು ಫೋನ್ ಹೇಳುತ್ತದೆ, ಆ್ಯಪ್‌ಗಳು ಅಪ್‌ಡೇಟ್ ಆಗುವುದಿಲ್ಲ. ಮೆಮೊರಿ ಕಾರ್ಡ್ ಹಾಕಿದರೆ ಬಣವೆ ದೊಡ್ಡದಾಗುತ್ತದೆ, ಗೋದಲಿ ಅಷ್ಟೇ ಇರುತ್ತದೆ. ಆದ್ದರಿಂದ ಪುಟ ಖಾಲಿಯಾಗುವ ತೊಂದರೆಗೆಂದು ಮೆಮೊರಿ ಕಾರ್ಡ್ ಕೊಂಡು ದುಡ್ಡು ಕಳೆದುಕೊಳ್ಳಬೇಡಿ.

ನಿಮ್ಮ ಫೋನಿನಲ್ಲಿ ಎಷ್ಟಿದೆ ಎಂದು ತಿಳಿಯಲು ಸೆಟ್ಟಿಂಗ್ಸ್ ತೆರೆದು "ಅಬೌಟ್ ಫೋನ್" ಒತ್ತಿ. ರ‍್ಯಾಮ್, ಸ್ಟೋರೇಜ್, ಆಂಡ್ರಾಯ್ಡ್ ಆವೃತ್ತಿ ಮೂರನ್ನೂ ಹೆಚ್ಚಿನ ಫೋನುಗಳಲ್ಲಿ ಅಲ್ಲೇ ನೋಡಬಹುದು. ಹಾಲಿನ ಪುಸ್ತಕದ ಹಿಂದಿನ ಪುಟದಲ್ಲಿ ಬರೆದಿಟ್ಟುಕೊಳ್ಳಿ. ಮುಂದೆ ಯಾರನ್ನಾದರೂ ಸಹಾಯ ಕೇಳುವಾಗ ಬೇಕಾಗುತ್ತದೆ.

ಮೊದಲು ಇರುವುದನ್ನೇ ಚೊಕ್ಕ ಮಾಡಿ

ಹೊಸ ಬ್ರೌಸರ್ ಹಾಕುವ ಮುನ್ನ ಹಳೆಯದನ್ನು ಹಗುರ ಮಾಡಿ ನೋಡಿ. ಎಷ್ಟೋ ಫೋನುಗಳಿಗೆ ಇಷ್ಟೇ ಸಾಕಾಗುತ್ತದೆ.

1. ಕ್ರೋಮ್‌ನ ಮೇಲ್ಭಾಗದಲ್ಲಿ ಚೌಕದೊಳಗೆ ಒಂದು ಅಂಕಿ ಕಾಣುತ್ತದೆ. ಅದು ತೆರೆದಿಟ್ಟ ಪುಟಗಳ ಸಂಖ್ಯೆ. ನನ್ನ ಅಮ್ಮನ ಫೋನಿನಲ್ಲಿ ಅದು 43 ಇತ್ತು! ಅದನ್ನು ಒತ್ತಿ, ಬೇಡದ ಪುಟಗಳನ್ನೆಲ್ಲ ಮುಚ್ಚಿ.

2. ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ಸ್, ಅದರಲ್ಲಿ ಕ್ರೋಮ್, ಅದರಲ್ಲಿ ಸ್ಟೋರೇಜ್ ತೆರೆದು "ಕ್ಲಿಯರ್ ಕ್ಯಾಶ್" ಒತ್ತಿ. ಇದು ದುಡ್ಡಿನ ಕ್ಯಾಶ್ ಅಲ್ಲ, ಹೆದರಬೇಡಿ. ನೋಡಿದ ಪುಟಗಳ ಚಿತ್ರಗಳು ಉಳಿದು ಸೇರಿಕೊಂಡ ಕಸ ಇದು. ತೆಗೆದರೆ ನಿಮ್ಮದೇನೂ ಹೋಗುವುದಿಲ್ಲ. ಅದರ ಪಕ್ಕದ "ಕ್ಲಿಯರ್ ಡೇಟಾ" ಅಥವಾ "ಕ್ಲಿಯರ್ ಸ್ಟೋರೇಜ್" ಮಾತ್ರ ಒತ್ತಬೇಡಿ.

3. ವಾಟ್ಸ್ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ "ಸ್ಟೋರೇಜ್ ಆ್ಯಂಡ್ ಡೇಟಾ"ಗೆ ಹೋಗಿ, ಫೋಟೊ ವಿಡಿಯೊ ತಾನಾಗಿಯೇ ಡೌನ್‌ಲೋಡ್ ಆಗುವುದನ್ನು ನಿಲ್ಲಿಸಿ. ಬಣವೆ ತುಂಬಿರುವುದು ಹೆಚ್ಚಾಗಿ ಶುಭೋದಯದ ಚಿತ್ರಗಳಿಂದಲೇ.

4. ಅರ್ಜಿ ತುಂಬುವ ಮೊದಲು ಉಳಿದ ಆ್ಯಪ್‌ಗಳನ್ನೆಲ್ಲ ಮುಚ್ಚಿ, ಫೋನನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ.

ಇನ್ನೊಂದು ಎಚ್ಚರಿಕೆ. ಜಾಗ ಉಳಿಸಲೆಂದು ಕೆಲವರು ಕ್ರೋಮ್‌ನ "ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್" ಒತ್ತುತ್ತಾರೆ. ಜಾಗವೇನೋ ಸಿಗುತ್ತದೆ. ಆದರೆ ಇಷ್ಟು ವರ್ಷ ಮುಚ್ಚಿಕೊಂಡು ಬಂದ ಕಳ್ಳಗಂಡಿಗಳೆಲ್ಲ ಮತ್ತೆ ತೆರೆದುಕೊಳ್ಳುತ್ತವೆ. ಹಾಗೆ ಮಾಡಬೇಡಿ.

ಯಾವ ಬ್ರೌಸರ್ ಯಾವುದಕ್ಕೆ?

ಚೊಕ್ಕ ಮಾಡಿದ ಮೇಲೂ ಫೋನ್ ತಡವರಿಸಿದರೆ ಹಗುರವಾದ ಇನ್ನೊಂದು ಬ್ರೌಸರ್ ಹಾಕಿಕೊಳ್ಳಿ. ಒಂದೊಂದರ ಗುಣವೂ ದೋಷವೂ ಬೇರೆ ಬೇರೆ.

ಒಪೆರಾ ಮಿನಿ: ನಾರ್ವೆ ದೇಶದ ಒಪೆರಾ ಕಂಪನಿ 2005ರಲ್ಲಿ ಇದನ್ನು ಗುಂಡಿ ಒತ್ತುವ ಸಣ್ಣ ಫೋನುಗಳಿಗೆಂದೇ ತಂದಿತು. ಆ ಕಾಲದ ಅನೇಕ ಫೋನುಗಳಲ್ಲಿ ಕನ್ನಡ ಬರೀ ಚೌಕಗಳಾಗಿ ಕಾಣುತ್ತಿತ್ತು. ಒಪೆರಾ ಮಿನಿಯ ಒಳಗೆ ಒಂದು ಸೆಟ್ಟಿಂಗ್ ಬದಲಿಸಿದರೆ ಅಕ್ಷರಗಳನ್ನು ಚಿತ್ರವಾಗಿ ತರಿಸಿ ಕನ್ನಡ ತೋರಿಸುತ್ತಿತ್ತು. ಮೊಬೈಲಿನಲ್ಲಿ ಮೊದಲ ಸಲ ಕನ್ನಡ ಓದಿದ್ದು ಅದರಲ್ಲೇ ಎನ್ನುವವರು ಈಗಲೂ ಸಿಗುತ್ತಾರೆ.

ಇದರ ಗುಟ್ಟು ಹೀಗಿದೆ. ನೀವು ಕೇಳಿದ ಪುಟ ಮೊದಲು ಒಪೆರಾ ಕಂಪನಿಯ ಕಂಪ್ಯೂಟರಿಗೆ ಹೋಗುತ್ತದೆ. ಅಲ್ಲಿ ಅದನ್ನು ಕುಗ್ಗಿಸಿ ನಿಮ್ಮ ಫೋನಿಗೆ ಕಳಿಸುತ್ತಾರೆ. ಫೋನಿಗೆ ಕೆಲಸ ಕಡಿಮೆ, ಡೇಟಾ ಖರ್ಚೂ ಕಡಿಮೆ, ನೆಟ್‌ವರ್ಕ್ ಮಂದವಾದ ಊರಲ್ಲೂ ಪುಟ ಬೇಗ ತೆರೆಯುತ್ತದೆ. ಡೇಟಾ ಉಳಿತಾಯಕ್ಕೆ ಇದರಲ್ಲಿ "ಹೈ", "ಎಕ್ಸ್‌ಟ್ರೀಮ್" ಎಂಬ ಎರಡು ಹಂತಗಳಿವೆ. ಎಕ್ಸ್‌ಟ್ರೀಮ್ ಹಂತದಲ್ಲಿ ಉಳಿತಾಯ ಹೆಚ್ಚು. ಆದರೆ ಕೆಲವು ಪುಟಗಳ ಗುಂಡಿಗಳು, ಅರ್ಜಿಯ ಕಾಲಂಗಳು ಕೆಲಸ ಮಾಡುವುದಿಲ್ಲ.

ಅದಕ್ಕಿಂತ ಮುಖ್ಯವಾದ ವಿಷಯ ಇನ್ನೊಂದಿದೆ. ನಿಮಗೂ ಬ್ಯಾಂಕಿಗೂ ನಡುವೆ ಹೋಗುವ ಮಾಹಿತಿ ಸಾಮಾನ್ಯವಾಗಿ ಮುಚ್ಚಳ ಬಿಗಿದ ಕ್ಯಾನಿನಂತೆ ಭದ್ರವಾಗಿರುತ್ತದೆ. ಎಕ್ಸ್‌ಟ್ರೀಮ್ ಹಂತದಲ್ಲಿ ಕುಗ್ಗಿಸುವುದಕ್ಕಾಗಿ ಆ ಮುಚ್ಚಳವನ್ನು ದಾರಿಯಲ್ಲಿ ಒಮ್ಮೆ ತೆರೆಯಲೇಬೇಕಾಗುತ್ತದೆ. ತೆರೆಯುವವರು ಪ್ರಾಮಾಣಿಕರೇ ಇರಬಹುದು, ಆದರೂ ದುಡ್ಡಿನ ವ್ಯವಹಾರಕ್ಕೆ ಅದು ಸರಿಯಲ್ಲ. ಹಾಗಾಗಿ ಒಪೆರಾ ಮಿನಿಯಲ್ಲಿ ಓದಿ, ಹುಡುಕಿ. ಬ್ಯಾಂಕ್ ಪಾಸ್‌ವರ್ಡ್, ಒಟಿಪಿ ಹಾಕಬೇಡಿ. ಮೊದಲ ಪುಟದಲ್ಲಿ ಸುದ್ದಿ, ಜಾಹೀರಾತು ಹೆಚ್ಚು. ನೋಟಿಫಿಕೇಶನ್ ಕಳಿಸಲು ಅನುಮತಿ ಕೇಳಿದರೆ ಬೇಡ ಎನ್ನಿ.

ಫೈರ್‌ಫಾಕ್ಸ್ ಫೋಕಸ್: ಮೊಜಿಲ್ಲಾ ಸಂಸ್ಥೆಯದು. ಪುಟಗಳ ಹಿಂದೆ ಅವಿತಿರುವ ಜಾಹೀರಾತಿನ ಬೇಹುಗಾರರನ್ನು ತಡೆಯುತ್ತದೆ. ಒಂದು ಗುಂಡಿ ಒತ್ತಿದರೆ ನೋಡಿದ್ದೆಲ್ಲ ಅಳಿಸಿಹೋಗುತ್ತದೆ. ಹಾಗಾಗಿ ಕಸ ಸೇರಿಕೊಳ್ಳುವುದಿಲ್ಲ. ಮನೆಮಂದಿಯೆಲ್ಲ ಒಂದೇ ಫೋನ್ ಬಳಸುವ ಕಡೆ ಇದು ಒಳ್ಳೆಯದು. ಮೊದಲು ತೀರಾ ಚಿಕ್ಕದಾಗಿದ್ದ ಇದು ಈಗ ಗಾತ್ರದಲ್ಲಿ ಬೆಳೆದಿದೆ. ಆದ್ದರಿಂದ ಸ್ಟೋರೇಜ್ ತೀರಾ ಕಡಿಮೆ ಇದ್ದರೆ ಹಾಕುವ ಮೊದಲು ಪ್ಲೇ ಸ್ಟೋರಿನಲ್ಲಿ ಎಷ್ಟು ಎಂಬಿ ಇದೆ ನೋಡಿಕೊಳ್ಳಿ.

ಕೆಲವೇ ಎಂಬಿಯ ಪುಟ್ಟ ಬ್ರೌಸರ್‌ಗಳು: "ವಯಾ" ಎಂಬಂಥವು ಇವೆ. ಇಷ್ಟು ಚಿಕ್ಕದಾಗಿರಲು ಕಾರಣ, ಇವಕ್ಕೆ ಸ್ವಂತ ಎಂಜಿನ್ ಇಲ್ಲ. ನಮ್ಮ ಊರಿನ ಸಂಘಕ್ಕೆ ಸ್ವಂತ ಡೇರಿ ಇಲ್ಲದೆ, ಹಾಲು ಒಕ್ಕೂಟದ ಡೇರಿಗೆ ಹೋಗುತ್ತದಲ್ಲ, ಹಾಗೆ. ಫೋನಿನಲ್ಲೇ ಇರುವ "ಆಂಡ್ರಾಯ್ಡ್ ಸಿಸ್ಟಂ ವೆಬ್‌ವ್ಯೂ" ಎಂಬ ಭಾಗವನ್ನು ಇವು ಬಳಸಿಕೊಳ್ಳುತ್ತವೆ. ಇಂಥದ್ದನ್ನು ಹಾಕಿಕೊಂಡರೆ ಪ್ಲೇ ಸ್ಟೋರಿನಲ್ಲಿ ವೆಬ್‌ವ್ಯೂಗೆ ಅಪ್‌ಡೇಟ್ ಬಂದಿದೆಯೇ ಎಂದು ಆಗಾಗ ನೋಡಿ. ಬ್ರೌಸರ್ ಹೊಸದಾಗಿದ್ದು ಎಂಜಿನ್ ಹಳೆಯದಾದರೆ ಪ್ರಯೋಜನವಿಲ್ಲ. ಇವುಗಳಲ್ಲೂ ದುಡ್ಡಿನ ಕೆಲಸ ಬೇಡ.

ಫೈರ್‌ಫಾಕ್ಸ್: ಫೋಕಸ್‌ನ ದೊಡ್ಡ ಅಕ್ಕ. ಎಲ್ಲ ಸೌಲಭ್ಯವೂ ಇದೆ, ಆದರೆ 2 ಜಿಬಿ ಫೋನಿಗೆ ಭಾರವೇ. ಒಂದು ಕಡೆ ಮಾತ್ರ ಇದು ನೆರವಾಗಬಹುದು. 2025ರ ಆಗಸ್ಟ್‌ನಿಂದ ಕ್ರೋಮ್‌ನ ಹೊಸ ಆವೃತ್ತಿಗಳು ಆಂಡ್ರಾಯ್ಡ್ 10 ಅಥವಾ ಅದರ ನಂತರದ ಫೋನುಗಳಿಗೆ ಮಾತ್ರ ಬರುತ್ತಿವೆ. ನಿಮ್ಮದು ಅದಕ್ಕಿಂತ ಹಳೆಯದಾದರೆ ಕ್ರೋಮ್ ತೆರೆಯುತ್ತದೆ, ಆದರೆ ಹೊಸ ರಕ್ಷಣೆ ಸಿಗುವುದಿಲ್ಲ. ಫೈರ್‌ಫಾಕ್ಸ್‌ಗೆ ಸ್ವಂತ ಎಂಜಿನ್ ಇರುವುದರಿಂದ ಕೆಲವು ಹಳೆಯ ಫೋನುಗಳಲ್ಲಿ ಅಪ್‌ಡೇಟ್ ಸಿಗಬಹುದು. ಪ್ಲೇ ಸ್ಟೋರಿನಲ್ಲಿ ಹುಡುಕಿ ನೋಡಿ. ಅದೂ ಸಿಗದಿದ್ದರೆ ಆ ಫೋನಿನಲ್ಲಿ ದುಡ್ಡಿನ ವ್ಯವಹಾರ ಬಿಟ್ಟುಬಿಡುವುದೇ ಕ್ಷೇಮ.

ಜಿಯೊಫೋನ್ ಇರುವವರು: 2017ರಲ್ಲಿ ಬಂದ ಮೊದಲ ಜಿಯೊಫೋನಿನ ರ‍್ಯಾಮ್ 512 ಎಂಬಿ ಮಾತ್ರ. ಅದು ಆಂಡ್ರಾಯ್ಡ್ ಅಲ್ಲದ್ದರಿಂದ ಮೇಲೆ ಹೇಳಿದ ಬ್ರೌಸರ್‌ಗಳನ್ನು ಹಾಕಲು ಬರುವುದಿಲ್ಲ. ಅದರಲ್ಲಿ ಚಿಕ್ಕಪುಟ್ಟ ಪುಟ ಓದಬಹುದು, ಅರ್ಜಿ ತುಂಬಲು ಹೋಗಬೇಡಿ. ಆದರೆ ಎಸೆಯಬೇಡಿ, ಅದರ ಉಪಯೋಗ ಮುಂದೆ ಹೇಳುತ್ತೇನೆ.

ಹಳೆಯ ಸಲಹೆಗೆ ಕಿವಿಗೊಡಬೇಡಿ

"ಯುಸಿ ಬ್ರೌಸರ್ ಹಾಕು, ಸ್ಪೀಡಾಗಿರುತ್ತೆ" ಎಂದು ಈಗಲೂ ಹೇಳುವವರಿದ್ದಾರೆ. ಒಂದು ಕಾಲಕ್ಕೆ ನಮ್ಮ ದೇಶದಲ್ಲಿ ಬಹಳ ಮಂದಿ ಬಳಸುತ್ತಿದ್ದ ಬ್ರೌಸರ್ ಅದು. 2020ರ ಜೂನ್ 29ರಂದು ಕೇಂದ್ರ ಸರ್ಕಾರ ನಿಷೇಧಿಸಿದ 59 ಚೀನೀ ಆ್ಯಪ್‌ಗಳಲ್ಲಿ ಅದೂ ಒಂದು. ಪ್ಲೇ ಸ್ಟೋರಿನಲ್ಲಿ ಸಿಗದ್ದನ್ನು ಯಾರಾದರೂ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೆ ಹಾಕಿಕೊಳ್ಳಬೇಡಿ. ಹಾಗೆ ಬರುವ ಕಡತಕ್ಕೆ ಎಪಿಕೆ ಎನ್ನುತ್ತಾರೆ. ಪಿಎಂ ಕಿಸಾನ್ ಹೆಸರಿನಲ್ಲೇ ನಕಲಿ ಎಪಿಕೆಗಳು ಹರಿದಾಡಿ, ಹಾಕಿಕೊಂಡ ರೈತರ ಖಾತೆ ಖಾಲಿಯಾಗಿರುವುದುಂಟು.

"ಕ್ರೋಮ್‌ನಲ್ಲಿ ಲೈಟ್ ಮೋಡ್ ಆನ್ ಮಾಡಿ" ಎಂಬ ಹಳೆಯ ವಿಡಿಯೊಗಳೂ ಇವೆ. ಆ ಸೌಲಭ್ಯವನ್ನು ಗೂಗಲ್ 2022ರಲ್ಲೇ ತೆಗೆದುಹಾಕಿತು. ಹುಡುಕಿ ಸಿಗದಿದ್ದರೆ ನಿಮ್ಮ ಕಣ್ಣಿನ ದೋಷವಲ್ಲ.

ಎರಡು ಬ್ರೌಸರ್, ಎರಡು ಕೆಲಸ

ಇಷ್ಟೆಲ್ಲ ನೋಡಿದ ಮೇಲೆ ನನ್ನ ಸಲಹೆ ಸರಳ. ಕ್ರೋಮ್ ಇರಲಿ, ಜೊತೆಗೆ ಒಂದು ಹಗುರ ಬ್ರೌಸರ್ ಸಾಕು. ಮೂರನೆಯದು ಬೇಡ. ಹಾಲಿನ ಕ್ಯಾನಿಗೆ ಕುರುಡು ನೀರು ಹಾಕುವುದಿಲ್ಲ, ಕಲಗಚ್ಚಿನ ಬಕೆಟ್ಟಿನಲ್ಲಿ ಹಾಲು ಕರೆಯುವುದಿಲ್ಲ. ಹಾಗೆಯೇ ಇವೆರಡರ ಕೆಲಸವನ್ನೂ ಬೇರೆ ಬೇರೆ ಇಡಿ.

ಹಗುರ ಬ್ರೌಸರ್‌ನಲ್ಲಿ: ಸುದ್ದಿ, ಹವಾಮಾನ, ಮೇವಿನ ಬೆಳೆಯ ಮಾಹಿತಿ, ಯಾರೋ ಕಳಿಸಿದ ಲಿಂಕ್. ಸೆಟ್ಟಿಂಗ್ಸ್‌ನ "ಡಿಫಾಲ್ಟ್ ಆ್ಯಪ್ಸ್"ನಲ್ಲಿ ಬ್ರೌಸರ್ ಆಗಿ ಇದನ್ನೇ ಆರಿಸಿ. ಆಗ ವಾಟ್ಸ್ಆ್ಯಪ್‌ನಲ್ಲಿ ಬಂದ ಲಿಂಕ್ ಒತ್ತಿದರೆ ಸಾಮಾನ್ಯವಾಗಿ ಇದರಲ್ಲೇ ತೆರೆಯುತ್ತದೆ. ನಿಮ್ಮ ಪಾಸ್‌ವರ್ಡ್ ಯಾವುದೂ ಇದರಲ್ಲಿ ಉಳಿದಿರುವುದಿಲ್ಲ.

ಕ್ರೋಮ್‌ನಲ್ಲಿ: ಬ್ಯಾಂಕ್, ಸರ್ಕಾರಿ ಅರ್ಜಿ, ಒಟಿಪಿ ಕೇಳುವ ಕೆಲಸ ಮಾತ್ರ. ನಿಮಗೆ ಬೇಕಾದ ಪುಟವನ್ನು ಒಮ್ಮೆ ಸರಿಯಾಗಿ ತೆರೆದು, ಮೂರು ಚುಕ್ಕೆ ಒತ್ತಿ "ಆ್ಯಡ್ ಟು ಹೋಮ್ ಸ್ಕ್ರೀನ್" ಮಾಡಿಟ್ಟುಕೊಳ್ಳಿ. ಫೋನಿನ ಮುಖಪುಟದಲ್ಲೇ ಅದರ ಗುರುತು ಬಂದು ಕೂರುತ್ತದೆ. ಒಂದೊಂದಕ್ಕೂ ಬೇರೆ ಆ್ಯಪ್ ಹಾಕುವ ಜಾಗ ಉಳಿಯಿತು, ನಕಲಿ ಪುಟಕ್ಕೆ ಹೋಗುವ ಭಯವೂ ಕಡಿಮೆಯಾಯಿತು. ಸರ್ಕಾರಿ ಪುಟಗಳ ವಿಳಾಸ ಸಾಮಾನ್ಯವಾಗಿ "ಡಾಟ್ ಗವ್ ಡಾಟ್ ಇನ್" ಎಂದು ಮುಗಿಯುತ್ತದೆ. ರಿಸರ್ವ್ ಬ್ಯಾಂಕ್ ಸೂಚನೆಯಂತೆ ಬ್ಯಾಂಕುಗಳು "ಡಾಟ್ ಬ್ಯಾಂಕ್ ಡಾಟ್ ಇನ್" ಎಂದು ಮುಗಿಯುವ ವಿಳಾಸಕ್ಕೆ ಬದಲಾಗಿವೆ. ವಿಳಾಸದ ಈ ಬಾಲ ನೋಡುವುದನ್ನು ರೂಢಿ ಮಾಡಿಕೊಳ್ಳಿ.

ಒಟಿಪಿ ಬಂದಾಗ ಪುಟ ಬಿಟ್ಟು ಹೋಗಬೇಡಿ

ಲೇಖನದ ಉಳಿದದ್ದೆಲ್ಲ ಮರೆತರೂ ಇದೊಂದು ನೆನಪಿರಲಿ. ಒಟಿಪಿ ಬಂದ ಸದ್ದಾದ ಕೂಡಲೇ ಮೆಸೇಜ್ ಆ್ಯಪ್ ತೆರೆಯಬೇಡಿ. ಪುಟ ಇದ್ದ ಹಾಗೇ ಇರಲಿ, ಪರದೆಯ ಮೇಲಂಚಿನಿಂದ ಬೆರಳನ್ನು ಕೆಳಕ್ಕೆ ಎಳೆಯಿರಿ. ಬಂದ ಮೆಸೇಜ್ ಅಲ್ಲೇ ಕಾಣುತ್ತದೆ. ಅಂಕಿ ಓದಿಕೊಂಡು ಬೆರಳನ್ನು ಮೇಲಕ್ಕೆ ತಳ್ಳಿ. ಬ್ರೌಸರ್ ಬಿಟ್ಟು ನೀವು ಹೊರಗೆ ಹೋಗಲೇ ಇಲ್ಲವಾದ್ದರಿಂದ ತುಂಬಿದ್ದು ಉಳಿಯುತ್ತದೆ. ಅಂಕಿ ನೆನಪಿರದಿದ್ದರೆ ಅಂಗೈ ಮೇಲೆ ಬರೆದುಕೊಳ್ಳಿ, ಕೆಲಸ ಮುಗಿದ ಮೇಲೆ ಒರೆಸಿದರಾಯಿತು.

ಒಟಿಪಿ ಬರುವ ಸಿಮ್ಮನ್ನು ಹಳೆಯ ಕೀಪ್ಯಾಡ್ ಫೋನಿಗೋ ಜಿಯೊ ಸಿಮ್ ಆದರೆ ಜಿಯೊಫೋನಿಗೋ ಹಾಕಿಟ್ಟರೆ ಇನ್ನೂ ಸಲೀಸು. ಒಂದರಲ್ಲಿ ಅರ್ಜಿ, ಇನ್ನೊಂದರಲ್ಲಿ ಒಟಿಪಿ. ಎಸೆಯಬೇಡಿ ಎಂದದ್ದು ಇದಕ್ಕೇ.

ಅರ್ಜಿ ತುಂಬಲು ಬೇರೆಯವರ ನೆರವು ಪಡೆಯುವುದರಲ್ಲಿ ತಪ್ಪಿಲ್ಲ. ಆದರೆ ಆಗಲೂ ಫೋನ್ ನಿಮ್ಮ ಕೈಯಲ್ಲಿರಲಿ, ಅಂಕಿ ಒತ್ತುವ ಬೆರಳು ನಿಮ್ಮದಾಗಿರಲಿ. ನಿಮ್ಮ ಹಾಲಿನ ಬಟವಾಡೆ, ಲೀಟರಿಗೆ 5 ರೂಪಾಯಿಯ ಪ್ರೋತ್ಸಾಹಧನ, ಗೃಹಲಕ್ಷ್ಮಿ ಹಣ ಎಲ್ಲ ಬಂದು ಸೇರುವ ಖಾತೆಯ ಬೀಗದ ಕೈ ಆ ಅಂಕಿ. ಫೋನ್ ಮಾಡಿ ಕೇಳಿದವರಿಗೆ ಅದನ್ನು ಯಾವ ಕಾರಣಕ್ಕೂ ಹೇಳಬೇಡಿ. ಅಕಸ್ಮಾತ್ ಹಣ ಹೋಯಿತು ಎಂದು ತಿಳಿದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಬ್ಯಾಂಕಿಗೂ ತಿಳಿಸಿ. ಎಷ್ಟು ಬೇಗ ತಿಳಿಸಿದರೆ ಹಣ ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು.

ಮೂರು ದಿನ ಪರೀಕ್ಷೆ ಮಾಡಿ

ಹಸು ಕೊಳ್ಳುವಾಗ ಮಾರುವವನ ಮಾತು ನಂಬಿ ಹಗ್ಗ ಹಿಡಿಯುವುದಿಲ್ಲ. ಎರಡು ಹೊತ್ತು ಹಾಲು ಕರೆದು ನೋಡುತ್ತೇವೆ. ಬ್ರೌಸರ್‌ಗೂ ಅದೇ ಲೆಕ್ಕ. ಹಾಕಿಕೊಂಡು ಮೂರು ದಿನ ಬಳಸಿ, ಈ ನಾಲ್ಕನ್ನು ಗಮನಿಸಿ:

* ಕನ್ನಡದ ಒತ್ತಕ್ಷರಗಳು ಸರಿಯಾಗಿ ಕಾಣುತ್ತವೆಯೇ?
* ಪುಟ ತೆರೆದಿಟ್ಟು ವಾಟ್ಸ್ಆ್ಯಪ್‌ಗೆ ಹೋಗಿ ಬಂದರೆ ಪುಟ ಹಾಗೇ ಇದೆಯೇ?
* ಕೀಬೋರ್ಡಿನ ಮೈಕ್ ಒತ್ತಿ ಕನ್ನಡದಲ್ಲಿ ಮಾತಾಡಿದರೆ ಹುಡುಕಾಟ ನಡೆಯುತ್ತದೆಯೇ?
* ಬೇಡದ ಜಾಹೀರಾತು, ನೋಟಿಫಿಕೇಶನ್ ಕಾಟ ಎಷ್ಟಿದೆ?

ಸರಿಬಂದರೆ ಇಟ್ಟುಕೊಳ್ಳಿ. ಸರಿಬರದಿದ್ದರೆ ತೆಗೆದುಹಾಕಿ ಇನ್ನೊಂದನ್ನು ನೋಡಿ. ಎಲ್ಲವೂ ಉಚಿತ, ಕಳೆದುಕೊಳ್ಳುವುದೇನಿಲ್ಲ. ಆದರೆ ಹಸುವಿಗೆ ಹುಷಾರಿಲ್ಲದಾಗ ಮಾತ್ರ ಯಾವ ಬ್ರೌಸರ್‌ನಲ್ಲೂ ಔಷಧಿ ಹುಡುಕುತ್ತಾ ಕೂರಬೇಡಿ. 1962ಕ್ಕೆ ಕರೆ ಮಾಡಿ, ಅದಕ್ಕೆ ಯಾವ ಫೋನಾದರೂ ಸಾಕು.

ಅಮ್ಮನ ಫೋನಿನಲ್ಲಿ ಈಗ ಕ್ರೋಮ್ ಮತ್ತು ಒಪೆರಾ ಮಿನಿ ಎರಡೇ ಇವೆ. ಫೋನ್ ಅದೇ, 2 ಜಿಬಿಯದು. ಕಳೆದ ಸಲ ಪಿಎಂ ಕಿಸಾನ್ ಕಂತಿನ ಸ್ಥಿತಿಯನ್ನು ಆಕೆಯೇ ನೋಡಿದಳು. ನಾನು ಪಕ್ಕದಲ್ಲಿದ್ದೆ, ಆದರೆ ಫೋನ್ ಮುಟ್ಟಲಿಲ್ಲ. ಒಟಿಪಿ ಬಂದಾಗ ಬೆರಳು ಎಳೆದು ಅಂಕಿ ನೋಡಿ, ಬಾಯಲ್ಲಿ ಗುಣುಗುಟ್ಟುತ್ತಾ ನಿಧಾನವಾಗಿ ಒತ್ತಿದಳು. ಪುಟ ತೆರೆಯಿತು. "ಬಂದಿದೆ" ಎಂದು ಫೋನನ್ನು ಸೆರಗಿನಲ್ಲಿ ಒರೆಸಿ, ಸಂಜೆಯ ಹಾಲು ಕರೆಯಲು ಎದ್ದು ಹೋದಳು.

ನಿಮ್ಮ ಫೋನಿನಲ್ಲೂ ಇದು ಸಾಧ್ಯ. ಇವತ್ತು ಸಂಜೆ ಹಾಲು ಹಾಕಿ ಬಂದ ಮೇಲೆ ಮೊದಲು ಆ ಚೌಕದೊಳಗಿನ ಅಂಕಿ ಎಷ್ಟಿದೆ ನೋಡಿ, ಅಲ್ಲಿಂದ ಶುರು ಮಾಡಿ. ಗೊತ್ತಾಗದಿದ್ದರೆ ಸಂಘದಲ್ಲಿ ಸಾಲಿನಲ್ಲಿ ನಿಂತಾಗ ಪಕ್ಕದವರನ್ನು ಕೇಳಿ. ನಿಮಗೆ ಗೊತ್ತಾದರೆ ಪಕ್ಕದವರಿಗೂ ಹೇಳಿಕೊಡಿ.